ಅಪ್ಪ ಯಾವಾಗ ಬರ್ತಾನ? – ಆಟಿಸಂ ಇರುವ ಮಗುವಿನ ಪ್ರಶ್ನೆ ಮತ್ತು ನಮ್ಮ ಉತ್ತರ

ಸುಗ್ಗಿ ಮುಗಿದು ಹೊಲದ ಕೆಲಸ ನಿಂತ ಮೇಲೆ ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಸುತ್ತಿನ ಊರು, ತಾಂಡಾ, ದೊಡ್ಡಿಗಳಿಂದ ದುಡಿಯುವ ಜನ ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ‘ಅಪ್ಪ ಯಾವಾಗ ಬರ್ತಾನ?’ ಎಂದು ಎಲ್ಲ ಮಕ್ಕಳೂ ಕೇಳುತ್ತಾರೆ. ‘ಯುಗಾದಿಗೆ ಬರ್ತಾನ’ ಎಂದರೆ ಅಷ್ಟಕ್ಕೆ ಸುಮ್ಮನಾಗಿ ಆಟಕ್ಕೆ ಓಡುತ್ತಾರೆ. ಆಟಿಸಂ ಇರುವ ಹುಡುಗ ಹಾಗೆ ಓಡುವುದಿಲ್ಲ. ಉತ್ತರ ಸಿಕ್ಕ ಮರುಗಳಿಗೆ ಅದೇ ಪ್ರಶ್ನೆ, ಅದೇ ಧ್ವನಿಯಲ್ಲಿ, ಅದೇ ಏರಿಳಿತದಲ್ಲಿ ಮತ್ತೆ ಬರುತ್ತದೆ. ರೊಟ್ಟಿ ಬಡಿಯುವಾಗ, ನೀರು ತರುವಾಗ, ರಾತ್ರಿ ದೀಪ ಆರಿಸಿದ ಮೇಲೂ. ಅಜ್ಜಿ ಮೊದಲು ಸಮಾಧಾನದಿಂದ ಹೇಳುತ್ತಾಳೆ, ಆಮೇಲೆ ಗದರುತ್ತಾಳೆ, ಕೊನೆಗೆ ಅಳುತ್ತಾಳೆ.

ಈ ಮಗುವಿಗೆ ಏನು ಉತ್ತರ ಕೊಡಬೇಕು? ಎಷ್ಟು ಸಲ ಕೊಡಬೇಕು? ಮೇಲ್ನೋಟಕ್ಕೆ ಮನೆಯೊಳಗಿನ ಸಣ್ಣ ಸಂಗತಿಯಂತೆ ಕಾಣುವ ಇದರ ಹಿಂದೆ ಎಂಬತ್ತು ವರ್ಷ ದಾಟಿದ ಚರ್ಚೆಯಿದೆ. ಈ ಪ್ರಶ್ನೆ ರೋಗದ ಲಕ್ಷಣವೋ, ಬಿಡಿಸಬೇಕಾದ ಚಾಳಿಯೋ, ಭಯವೋ, ಮಾತು ಕಲಿಯುವ ಇನ್ನೊಂದು ದಾರಿಯೋ ಎಂಬುದರ ಮೇಲೆ ಮನೋವೈದ್ಯರು, ವರ್ತನಾ ತಜ್ಞರು, ವಾಕ್ ತಜ್ಞರು ಮತ್ತು ಸ್ವತಃ ಆಟಿಸಂ ಇರುವವರು ಬೇರೆ ಬೇರೆ ಮಾತು ಹೇಳಿದ್ದಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಪ್ರಶ್ನೆ ಮಾತೇ. ಅದನ್ನು ಮಾತೆಂದು ಕೇಳಿಸಿಕೊಳ್ಳದ ಯಾವ ಪದ್ಧತಿಯೂ ಮಗುವಿಗೆ ಪೂರ್ತಿ ಉತ್ತರ ಕೊಡಲಾರದು. ಆದರೆ ಪ್ರತಿಯೊಂದು ಪಂಥವೂ ಬೇರೆಯವರಿಗೆ ಕಾಣದ ಏನನ್ನೋ ಕಂಡಿದೆ.

ತಾಯಿಯ ಮೇಲೆ ಹೊರಿಸಿದ ಹೊರೆ

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂ ಎಂಬ ರೋಗನಿರ್ಣಯ ಬಳಕೆಗೆ ಬಂತು. ಮಾಸ್ಕೋದ ಗ್ರುನ್ಯಾ ಸುಖರೇವಾ 1920ರ ದಶಕದಲ್ಲೇ ಇಂಥ ಮಕ್ಕಳನ್ನು ವಿವರಿಸಿದ್ದರು. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದರು. ಕ್ಯಾನರ್ ಮಕ್ಕಳ ಮಾತನ್ನು ಬಹಳ ಸೂಕ್ಷ್ಮವಾಗಿ ಬರೆದಿಟ್ಟಿದ್ದರು. ಕೇಳಿದ ವಾಕ್ಯವನ್ನೇ ತಿರುಗಿ ಹೇಳುವುದು, ‘ನಾನು’ ಎನ್ನುವಲ್ಲಿ ‘ನೀನು’ ಎನ್ನುವುದು, ಪದವನ್ನು ಅಕ್ಷರಶಃ ಹಿಡಿಯುವುದು ಎಲ್ಲವೂ ಅಲ್ಲಿವೆ. ಮನೆಯ ಗೋಡೆಯ ಮೇಲಿನ ಚಿತ್ರಗಳ ಮಾತು ಬಂದಾಗ ಒಬ್ಬ ಹುಡುಗ ತಂದೆಯನ್ನು ತಿದ್ದಿದ: ಅವು ಗೋಡೆಯ ಮೇಲಿಲ್ಲ, ಗೋಡೆಯ ಹತ್ತಿರ ಇವೆ.

1946ರಲ್ಲಿ ಕ್ಯಾನರ್ ಇನ್ನೊಂದು ಮುಖ್ಯ ಮಾತು ಸೇರಿಸಿದರು. ಅಸಂಬದ್ಧವೆಂದು ತೋರುವ ಮಾತಿಗೆ ಮಗುವಿನ ಬದುಕಿನಲ್ಲಿ ಒಂದು ಮೂಲ ಇರುತ್ತದೆ. ಬಾಣಲೆ ಕಂಡಾಗಲೆಲ್ಲ ಒಂದು ಶಿಶುಗೀತೆಯ ಎರಡು ಪದ ಹೇಳುತ್ತಿದ್ದ ಹುಡುಗನ ಹಿನ್ನೆಲೆ ಹುಡುಕಿದಾಗ ಗೊತ್ತಾಯಿತು: ಅವನಿಗೆ ಎರಡು ವರ್ಷವಿದ್ದಾಗ ತಾಯಿ ಆ ಪದ್ಯ ಹೇಳಿಕೊಡುತ್ತಾ ಅಡುಗೆಮನೆಯಲ್ಲಿ ಬಾಣಲೆ ಕೆಡವಿದ್ದರು. ಈ ಒಳನೋಟ ಆಗಲೇ ಬೆಳೆದಿದ್ದರೆ ಮುಂದಿನ ಎರಡು ದಶಕಗಳ ನೋವು ತಪ್ಪುತ್ತಿತ್ತು. ಆದದ್ದು ಬೇರೆ. ತಂದೆತಾಯಿಯ ತಣ್ಣನೆಯ ಸ್ವಭಾವವೇ ಕಾರಣವೆಂಬ ವಾದ ಬಲವಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಪುಸ್ತಕದಿಂದ ಅದನ್ನು ಮನೆಮನೆಗೆ ಮುಟ್ಟಿಸಿದರು. ಮಗು ತಿರುತಿರುಗಿ ಕೇಳುವುದಕ್ಕೂ ತಾಯಿಯೇ ಹೊಣೆ ಎಂದಾಯಿತು.

ಅದನ್ನು ಮುರಿದವರಲ್ಲಿ ಮೊದಲಿಗರು ಆಟಿಸಂ ಇರುವ ಮಗನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲಂಡ್. 1964ರ ಅವರ ಪುಸ್ತಕ ಕಾರಣವನ್ನು ಮಿದುಳಿನಲ್ಲಿ ಹುಡುಕಿತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟ್ಟರ್ 21 ಅವಳಿ ಜೋಡಿಗಳ ಅಧ್ಯಯನದಿಂದ ಅನುವಂಶೀಯತೆಯ ಪಾತ್ರ ತೋರಿಸಿದರು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು 1998ರಲ್ಲಿ ಹುಟ್ಟಿದ ಸುಳ್ಳನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದರೂ ನಮ್ಮ ಕಡೆ ತಾಯಿಯನ್ನು ದೂರುವುದು ನಿಂತಿಲ್ಲ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಮೊಬೈಲ್ ಕೊಟ್ಟು ಕೆಡಿಸಿದಳು, ಮಗುವಿನ ಜತೆ ಮಾತೇ ಆಡಲಿಲ್ಲ – ಹೊಸ ಹೊಸ ರೂಪದಲ್ಲಿ ಅದೇ ಆರೋಪ. ಇದಕ್ಕೆ ಉತ್ತರ ಇತ್ಯರ್ಥವಾಗಿದೆ, ಇಲ್ಲಿ ಚರ್ಚೆಗೆ ಜಾಗವಿಲ್ಲ: ಆಟಿಸಂಗೆ ತಾಯಿಯ ಸಾಕಣೆ ಕಾರಣವಲ್ಲ.

ಚಾಳಿ ಬಿಡಿಸಬೇಕು ಎನ್ನುವವರು

ಕ್ಯಾಲಿಫೋರ್ನಿಯಾದ ವರ್ತನಾ ತಜ್ಞ ಐವರ್ ಲೊವಾಸ್ ಮತ್ತು ಅವರ ಅನುಯಾಯಿಗಳು ಪ್ರಶ್ನೆಯ ಒಳಗೆ ಏನಿದೆ ಎಂದು ಹುಡುಕಲಿಲ್ಲ. ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಎಂದಷ್ಟೇ ನೋಡಿದರು. ಕೇಳಿದಾಗಲೆಲ್ಲ ಅಜ್ಜಿ ತಿರುಗಿ ನೋಡಿದರೆ ಆ ಗಮನವೇ ಬಹುಮಾನ. ಆದ್ದರಿಂದ ಒಂದು ಸಲ ಉತ್ತರಿಸಿ, ಆಮೇಲೆ ಸುಮ್ಮನಿರಿ, ಬೇರೆ ಮಾತಾಡಿದಾಗ ಮೆಚ್ಚಿಕೊಳ್ಳಿ ಎಂಬ ಸಲಹೆ ಇಲ್ಲಿಂದ ಬಂದದ್ದು. ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಸೇರಿದರೆಂದು ಲೊವಾಸ್ 1987ರಲ್ಲಿ ಬರೆದಾಗ ಪೋಷಕರಿಗೆ ಮೊದಲ ಸಲ ಆಸೆ ಹುಟ್ಟಿತು. ಅದೇ ಪಂಥ 1960ರ ದಶಕದಲ್ಲಿ ಮಕ್ಕಳಿಗೆ ಹೊಡೆತವನ್ನೂ ವಿದ್ಯುತ್ ಆಘಾತವನ್ನೂ ಕೊಟ್ಟಿತ್ತೆಂಬುದನ್ನು ಮರೆಯಬಾರದು.

ಈ ಪದ್ಧತಿಯಿಂದ ಕಲಿಯಬೇಕಾದದ್ದು ಗಮನಿಸುವ ಶಿಸ್ತು. ಪ್ರಶ್ನೆ ಯಾವ ಹೊತ್ತಿಗೆ ಹೆಚ್ಚುತ್ತದೆ? ಕರೆಂಟ್ ಹೋದಾಗಲೋ, ಮನೆಗೆ ನೆಂಟರು ತುಂಬಿದಾಗಲೋ, ಹಸಿವಾದಾಗಲೋ? ಒಂದು ವಾರ ಬರೆದಿಟ್ಟರೆ ಅನೇಕ ಸಲ ಕಾರಣ ತಾನೇ ಎದ್ದು ಕಾಣುತ್ತದೆ. ಆದರೆ ಸುಮ್ಮನಿರುವ ಸಲಹೆಯನ್ನು ನಾನು ಒಪ್ಪಲಾರೆ. ಪ್ರಶ್ನೆ ನಿಂತಿತೆಂದರೆ ಅದರ ಹಿಂದಿದ್ದದ್ದು ನಿಂತಿತೆಂದಲ್ಲ. ಮಾತು ಕಷ್ಟವಾಗಿರುವ ಮಗುವಿಗೆ, ಮಾತಾಡಿದರೂ ಯಾರೂ ತಿರುಗಿ ನೋಡುವುದಿಲ್ಲ ಎಂಬ ಪಾಠ ಕಲಿಸುವುದು ಅಪಾಯ. 2020ರಲ್ಲಿ ಸ್ಯಾಂಡ್‌ಬ್ಯಾಂಕ್ ಮತ್ತು ಸಂಗಡಿಗರು ಎಳೆಯ ಮಕ್ಕಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ, ಕಟ್ಟುನಿಟ್ಟಾದ ಪ್ರಯೋಗಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಹಳೆಯ ವರ್ತನಾ ಪದ್ಧತಿಗೆ ಇದ್ದ ಆಧಾರ ತೆಳುವಾಯಿತು. ಆಟದೊಳಗೆ, ದಿನದ ಕೆಲಸದೊಳಗೆ ಕಲಿಸುವ ಪದ್ಧತಿಗಳೇ ಹೆಚ್ಚು ಭರವಸೆ ತೋರಿದವು.

ಬೇರೆಯವರ ಮನಸ್ಸು ಮತ್ತು ‘ಮುತ್ಯಾ ಎಲ್ಲಿಗೆ ಹೋದ?’

1985ರಲ್ಲಿ ಲಂಡನ್ನಿನ ಸೈಮನ್ ಬ್ಯಾರನ್-ಕೋಹೆನ್, ಅಲನ್ ಲೆಸ್ಲಿ ಮತ್ತು ಉಟಾ ಫ್ರಿತ್ ಎರಡು ಗೊಂಬೆಗಳ ಪರೀಕ್ಷೆಯೊಂದನ್ನು ಮಾಡಿದರು. ಒಂದು ಗೊಂಬೆ ಗೋಲಿಯಿಟ್ಟು ಹೊರಗೆ ಹೋದಾಗ ಇನ್ನೊಂದು ಅದನ್ನು ಬೇರೆಡೆ ಬಚ್ಚಿಡುತ್ತದೆ. ಮೊದಲನೆಯದು ತಿರುಗಿ ಬಂದು ಎಲ್ಲಿ ಹುಡುಕುತ್ತದೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ಗೋಲಿ ಈಗ ಇರುವ ಜಾಗವನ್ನೇ ತೋರಿಸಿದರು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು ಈ ಮಕ್ಕಳಿಗೆ ಕಷ್ಟ ಎಂಬ ಸಿದ್ಧಾಂತ ಹೀಗೆ ನಿಂತಿತು. ನೆಂಟರ ಮುಂದೆ ‘ನಿನ್ನ ಹೊಟ್ಟಿ ಯಾಕ ಇಷ್ಟು ದಪ್ಪ ಅದ?’ ಎಂದು ಕೇಳುವುದನ್ನೂ, ಅವ್ವನಿಗೆ ಗೊತ್ತಿರಲು ಸಾಧ್ಯವಿಲ್ಲದ್ದನ್ನು ಅವ್ವನಿಗೇ ಕೇಳುವುದನ್ನೂ ಇದು ಚೆನ್ನಾಗಿ ವಿವರಿಸುತ್ತದೆ. ಆಟಿಸಂ ಇದ್ದೂ ಆ ಪರೀಕ್ಷೆಯಲ್ಲಿ ಗೆದ್ದ ಉಳಿದ ನಾಲ್ವರನ್ನು ಮಾತ್ರ ವಿವರಿಸುವುದಿಲ್ಲ.

ಸಾವಿನ ಪ್ರಶ್ನೆಯಲ್ಲಿ ಅಕ್ಷರಶಃ ಅರ್ಥದ ತೊಡಕು ತೀರಾ ದೊಡ್ಡದಾಗುತ್ತದೆ. ‘ಮುತ್ಯಾ ದೇವರ ಹತ್ರ ಹೋಗ್ಯಾನ’ ಎಂದರೆ ಮಗು ಗುಡಿಯಲ್ಲಿ ಹುಡುಕಲು ಹೊರಡಬಹುದು. ‘ಯಾವ ಬಸ್ಸಿಗೆ ಹೋದ? ತಿರುಗಿ ಯಾವಾಗ ಬರ್ತಾನ?’ ಎಂದು ಕೇಳಬಹುದು. ‘ಮಲಗ್ಯಾನ’ ಎಂದರೆ ತಾನು ಮಲಗಲು ಹೆದರಬಹುದು. ಕಿವಿಗೆ ಒರಟೆನಿಸಿದರೂ ನೇರ ಉತ್ತರವೇ ಇಲ್ಲಿ ದಯೆ: ಮುತ್ಯಾ ಸತ್ತಾನ. ಸತ್ತವರ ಮೈ ಕೆಲಸ ಮಾಡೋದಿಲ್ಲ, ಉಸಿರಾಡೋದಿಲ್ಲ, ನೋವೂ ಆಗೋದಿಲ್ಲ. ಮಣ್ಣು ಮಾಡೀವಿ. ತಿರುಗಿ ಬರೋದಿಲ್ಲ. ನಮಗೂ ನೆನಪಾಗಿ ಅಳು ಬರ್ತದ. ದೇವರ ಮಾತು ಬೇಡವೆಂದಲ್ಲ. ಮೊದಲು ಮೈಯ ಸತ್ಯ, ಆಮೇಲೆ ಮನೆಯ ನಂಬಿಕೆ, ಈ ಕ್ರಮ ತಪ್ಪಬಾರದು.

ಹೇಳಿದ್ದನ್ನೇ ಹೇಳುವ ಮಾತಿನೊಳಗೆ

ನನಗೆ ಹೆಚ್ಚು ಬೆಳಕು ಕೊಟ್ಟಿರುವುದು ವಾಕ್ ತಜ್ಞರ ಕೆಲಸ. ಬ್ಯಾರಿ ಪ್ರಿಜಾಂಟ್ ಮತ್ತು ಜೂಡಿತ್ ಡುಕಾನ್ 1981ರಲ್ಲಿ ಮಕ್ಕಳು ಪ್ರತಿಧ್ವನಿಯಂತೆ ಆಡುವ ಮಾತುಗಳನ್ನು ವಿಡಿಯೋ ಇಟ್ಟು ನೋಡಿದರು. ಅರ್ಥವಿಲ್ಲದ ಪುನರಾವರ್ತನೆ ಎಂದು ತಳ್ಳಿಹಾಕಿದ್ದರಲ್ಲಿ ‘ಹೌದು’ ಎನ್ನುವುದಿತ್ತು, ಬೇಡಿಕೆಯಿತ್ತು, ಸರದಿ ಬಂತೆಂದು ಮಾತು ತುಂಬುವುದಿತ್ತು, ತನಗೆ ತಾನೇ ದಾರಿ ಹೇಳಿಕೊಳ್ಳುವುದಿತ್ತು. ಕೆಲವು ಮಕ್ಕಳು ಪದ ಪದ ಕೂಡಿಸಿ ವಾಕ್ಯ ಕಟ್ಟದೆ ಇಡೀ ವಾಕ್ಯವನ್ನು ಗಟ್ಟಿಯಾಗಿ ಹಿಡಿದು ಆಮೇಲೆ ಬಿಡಿಸುತ್ತಾರೆ ಎಂದು ಪ್ರಿಜಾಂಟ್ 1983ರಲ್ಲಿ ವಾದಿಸಿದರು.

ಕನ್ನಡದಲ್ಲಿ ಇದು ಹೇಗಿರುತ್ತದೆ? ಅವ್ವ ದಿನಾ ಕೇಳುವುದು ‘ರೊಟ್ಟಿ ಉಣ್ತಿಯೇನು?’ ಹಸಿದ ಹುಡುಗ ಅವ್ವನ ಮುಂದೆ ನಿಂತು ‘ರೊಟ್ಟಿ ಉಣ್ತಿಯೇನು?’ ಎನ್ನುತ್ತಾನೆ. ಗೊತ್ತಿಲ್ಲದವರು ‘ನನಗ ಬ್ಯಾಡಪ್ಪ, ನೀ ಉಣ್ಣು’ ಎಂದು ನಗಬಹುದು. ಅವನು ಪ್ರಶ್ನೆ ಕೇಳಿಲ್ಲ, ರೊಟ್ಟಿ ಕೇಳಿದ್ದಾನೆ. ರೊಟ್ಟಿ ಬರುವ ಮುಂಚೆ ಕೇಳಿಸುವ ಮಾತು ಅದೇ ತಾನೆ? ಇಲ್ಲಿ ತಿದ್ದುಪಡಿಗಿಂತ, ತಟ್ಟೆ ಇಡುತ್ತಾ ಅವನ ಬಾಯಿಂದ ಬರಬೇಕಾದಂತೆಯೇ ‘ನನಗ ರೊಟ್ಟಿ ಬೇಕವ್ವ’ ಎಂದು ಆಡಿ ತೋರಿಸುವುದು ಕೆಲಸಕ್ಕೆ ಬರುತ್ತದೆ. ‘ನಾನು, ನೀನು’ ಬಿಟ್ಟೇ ಮಾತಾಡುವ ನಮ್ಮಲ್ಲಿ ಈ ಅದಲುಬದಲು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ. ಭಾರತದಲ್ಲಿ ಪ್ರಮಾಣಪತ್ರಕ್ಕಾಗಿ ಬಳಸುವ, 2009ರಲ್ಲಿ ಸಿದ್ಧವಾದ 40 ಅಂಶಗಳ ಮಾಪಕದಲ್ಲಿ ಸರ್ವನಾಮದ ಅದಲುಬದಲೂ ಒಂದು ಅಂಶ. ಅಳೆಯುವವರು ‘ಉಣ್ತೀನಿ’ ‘ಉಣ್ತಿ’ಗಳ ಕಡೆ ಕಿವಿ ಇಡದಿದ್ದರೆ ಕನ್ನಡದ ಮಗುವಿನಲ್ಲಿ ಅದು ತಪ್ಪಿಹೋಗುತ್ತದೆ.

ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಗಳಿವೆ. ತಿಂಥಣಿ ಬ್ರಿಜ್ ಕಡೆಯಿಂದ ಬಂದ ಬಸ್ಸು ನೋಡಿ ‘ಈ ಬಸ್ ಎಲ್ಲಿಗೆ ಹೋಗ್ತದ?’ ಎನ್ನುವ ಹುಡುಗನಿಗೆ ಬಸ್ಸುಗಳ ವೇಳೆಯೆಲ್ಲ ಬಾಯಿಪಾಠ. ‘ಗೊತ್ತಿದ್ದೂ ಯಾಕ ಕೇಳ್ತಿ?’ ಎಂದು ದೊಡ್ಡವರು ಸಿಡುಕುತ್ತಾರೆ. ಕಟ್ಟೆಯ ಮೇಲೆ ಕುಳಿತವರು ಹೋಗಿಬರುವವರಿಗೆಲ್ಲ ‘ಊಟ ಆತೇನು?’ ಎನ್ನುವುದು ಊಟದ ಮಾಹಿತಿಗಾಗಿಯೇ? ನಂಟು ಕಾಯಲು ಕೇಳುತ್ತಾರೆ. ಹುಡುಗನೂ ಅದನ್ನೇ ಮಾಡುತ್ತಿದ್ದಾನೆ, ತನಗೆ ಗಟ್ಟಿಯಿರುವ ವಿಷಯ ಹಿಡಿದುಕೊಂಡು. ‘ನೀನ ಹೇಳು ನೋಡೋಣ’ ಎಂದರೆ ಅವನ ಮುಖ ಅರಳುತ್ತದೆ.

ಈ ಪಂಥಕ್ಕೂ ಮಿತಿಯಿದೆ. ಇಡೀ ವಾಕ್ಯದಿಂದ ಕಲಿಯುವ ಮಕ್ಕಳಿಗೆಂದೇ ಹಂತ ಹಂತವಾಗಿ ರೂಪಿಸಿದ ತರಬೇತಿ ಈಚೆಗೆ ಜನಪ್ರಿಯವಾಗಿದೆ. ಅದು ಫಲ ಕೊಡುತ್ತದೆಂದು ತೋರಿಸುವ ಗಟ್ಟಿ ಪ್ರಯೋಗಗಳಿಲ್ಲವೆಂದು 2024ರ ಸಮೀಕ್ಷೆಗಳು ಎಚ್ಚರಿಸಿವೆ. ಪ್ರತಿಧ್ವನಿಗೆ ಅರ್ಥವಿದೆ ಎನ್ನುವುದು ಒಂದು ಮಾತು, ಅದಕ್ಕೆಂದು ಮಾರುವ ತರಬೇತಿ ಕೆಲಸ ಮಾಡುತ್ತದೆ ಎನ್ನುವುದು ಇನ್ನೊಂದು.

ಮುಂದೇನಾಗುತ್ತದೋ ಎಂಬ ಭಯ

ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಜಾಕಿ ರಾಜರ್ಸ್ ಮತ್ತು ಸಂಗಡಿಗರು ಕಳೆದ ದಶಕದಿಂದ ತೋರಿಸುತ್ತಿರುವುದು: ಆಟಿಸಂ ಇರುವ ಮಕ್ಕಳ ಆತಂಕದ ದೊಡ್ಡ ಪಾಲು ಅನಿಶ್ಚಿತತೆಯನ್ನು ತಾಳಲಾಗದ್ದರಿಂದ ಬರುತ್ತದೆ. ‘ಅಪ್ಪ ಯಾವಾಗ ಬರ್ತಾನ?’ ಎಂಬುದು ಇಲ್ಲಿಗೆ ಸೇರಿದ್ದು. ‘ಬರ್ತಾನ ಬಿಡು’, ‘ನಾಳೆ ನಾಡಿದ್ದು’ ಎಂಬ ಉತ್ತರಗಳು ಭಯವನ್ನು ಹೆಚ್ಚಿಸುತ್ತವೆ. ನಾಳೆ ಬಂದರೂ ಅಪ್ಪ ಬರಲಿಲ್ಲವಲ್ಲ!

ಇದಕ್ಕೆ ಹಳೆಯ ಮದ್ದು ಕಣ್ಣಿಗೆ ಕಾಣುವ ಉತ್ತರ. ನಾರ್ತ್ ಕೆರೋಲಿನಾದಲ್ಲಿ ಎರಿಕ್ ಶಾಪ್ಲರ್ 1970ರ ದಶಕದಲ್ಲಿ ಚಿತ್ರ, ಪಟ್ಟಿ, ದಿನಚರಿಗಳ ಪದ್ಧತಿ ಬೆಳೆಸಿದರು. ಬೆಟಲ್‌ಹೈಮ್ ದೂರ ತಳ್ಳಿದ್ದ ತಂದೆತಾಯಿಯನ್ನು ಅವರು ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿಕೊಂಡರು. 1991ರಲ್ಲಿ ಕರೋಲ್ ಗ್ರೇ ಸಣ್ಣ ಕಥೆಗಳ ಮೂಲಕ ಸನ್ನಿವೇಶ ವಿವರಿಸುವ ಕ್ರಮ ತಂದರು. ಇದಕ್ಕೆ ದುಡ್ಡು ಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಗುರುತಿರುವ ಗೋಡೆಯ ಕ್ಯಾಲೆಂಡರ್ ಎಲ್ಲ ಮನೆಯಲ್ಲೂ ಇದೆ. ಯುಗಾದಿಯ ದಿನಕ್ಕೆ ಅಪ್ಪನ ಫೋಟೊ ಅಂಟಿಸಿ, ದಿನಾ ಸಂಜೆ ಮಗುವಿನ ಕೈಯಲ್ಲೇ ಒಂದು ದಿನಕ್ಕೆ ಗೀಟು ಹಾಕಿಸಬಹುದು. ಪ್ರಶ್ನೆ ಬಂದಾಗ ಬಾಯಿಗಿಂತ ಮೊದಲು ಬೆರಳು ಕ್ಯಾಲೆಂಡರ್ ಕಡೆ ಹೋಗಲಿ. ಅಪ್ಪ ಬರುವುದು ಖಚಿತವಿಲ್ಲದಿದ್ದರೆ ಅದನ್ನೂ ಹೇಳಬೇಕು: ‘ಖರೇ ಗೊತ್ತಿಲ್ಲ, ಐತಾರ ಫೋನ್ ಮಾಡಿ ಕೇಳೋಣ.’ ಸುಳ್ಳು ದಿನಾಂಕಕ್ಕಿಂತ ಖಚಿತವಾದ ಫೋನು ಮೇಲು.

ಕೊರತೆ ಯಾರದು?

ಆಟಿಸಂ ಇರುವವರೇ ಮಾತಾಡಲು ಶುರು ಮಾಡಿದ ಮೇಲೆ ಚರ್ಚೆಯ ದಿಕ್ಕು ತಿರುಗಿತು. ನಮಗಾಗಿ ಶೋಕಿಸಬೇಡಿ ಎಂದು 1993ರಲ್ಲಿ ಜಿಮ್ ಸಿಂಕ್ಲೇರ್ ಪೋಷಕರಿಗೆ ಹೇಳಿದರು. 2012ರಲ್ಲಿ ಡೇಮಿಯನ್ ಮಿಲ್ಟನ್, ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಎಂದು ವಾದಿಸಿದರು: ಅವರಿಗೆ ನಾವು ಅರ್ಥವಾಗದಷ್ಟೇ ನಮಗೆ ಅವರು ಅರ್ಥವಾಗುವುದಿಲ್ಲ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ, ಆಟಿಸಂ ಇರುವವರು ತಮ್ಮೊಳಗೆ ಒಬ್ಬರಿಂದ ಒಬ್ಬರಿಗೆ ಮಾಹಿತಿಯನ್ನು ಉಳಿದವರಷ್ಟೇ ಚೆನ್ನಾಗಿ ದಾಟಿಸುತ್ತಾರೆ, ಎರಡು ಬಗೆಯವರು ಬೆರೆತ ಸಾಲಿನಲ್ಲೇ ಅದು ಸೋರಿಹೋಗುತ್ತದೆ ಎಂದು ತೋರಿಸಿತು.

ನಮ್ಮ ಊರುಗಳಲ್ಲಿ ಹೇಳದೆ ನಡೆಯುವ ನಿಯಮಗಳು ಎಷ್ಟಿವೆ ನೋಡಿ. ಗೊತ್ತಿಲ್ಲದ ಗಂಡಸೂ ‘ಕಾಕಾ’. ‘ಇವ ಅಪ್ಪನ ತಮ್ಮನಾ?’ ಎಂದು ಮಗು ಕೇಳುವುದು ನ್ಯಾಯವಾಗಿಯೇ ಇದೆ. ‘ಅಲ್ಲ, ದೊಡ್ಡವರಿಗೆ ಮರ್ಯಾದಿಗೆ ಹಂಗಂತೀವಿ’ ಎಂದರೆ ಮುಗಿಯಿತು. ಆದರೆ ಇನ್ನೂ ಅಲ್ಲಲ್ಲಿ ಉಳಿದಿರುವ ಬೇರೆ ಲೋಟ, ಬೇರೆ ಜಾಗದ ಪದ್ಧತಿಯನ್ನು ಕಂಡು ಅದೇ ಮಗು ಎಲ್ಲರೆದುರು ಗಟ್ಟಿಯಾಗಿ ‘ಅವ್ರು ಯಾಕ ಹೊರಗ ಕುಂತಾರ?’ ಎಂದು ಕೇಳಿದರೆ? ಉಳಿದ ಮಕ್ಕಳು ಯಾರೂ ಹೇಳಿಕೊಡದೆ ಆ ನಿಯಮ ಹೀರಿಕೊಂಡಿರುತ್ತಾರೆ, ಇವನು ಹೀರಿಕೊಂಡಿಲ್ಲ. ಸಾಮಾಜಿಕ ನಿಯಮ ಅರ್ಥವಾಗದಿರುವುದು ಕೊರತೆ ಎನ್ನುವ ಸಿದ್ಧಾಂತ ಇಲ್ಲಿ ಬಾಯಿ ಮುಚ್ಚಬೇಕಾಗುತ್ತದೆ. ಈ ಮಗುವಿನ ಬಾಯಿಗೆ ಕೈ ಅಡ್ಡ ಇಡುವವರ ಪರವಾಗಿ ನಾನು ಒಂದು ಮಾತನ್ನೂ ಹೇಳಲಾರೆ. ಅದು ತಪ್ಪು ಎಂಬುದೇ ಅವನಿಗೆ ಕೊಡಬೇಕಾದ ಉತ್ತರ.

ಆಟಿಸಂ ಕೊರತೆಯಲ್ಲ, ಭಿನ್ನತೆ ಎನ್ನುವ ಈ ಪಂಥದ ಮೇಲೂ ಆಕ್ಷೇಪವಿದೆ. ಮಾತೇ ಬಾರದ, ರಾತ್ರಿಯಿಡೀ ನಿದ್ದೆ ಮಾಡದ, ತನ್ನ ತಲೆಯನ್ನು ಗೋಡೆಗೆ ಬಡಿದುಕೊಳ್ಳುವ ಮಗುವಿನ ತಾಯಿಗೆ ‘ಇದು ಬರೀ ಭಿನ್ನತೆ’ ಎಂಬ ಮಾತು ಗಾಯದ ಮೇಲೆ ಬರೆ. ಆ ತಾಯಿಯ ಮಾತನ್ನು ಕೇಳದ ಭಿನ್ನತೆಯ ವಾದ ಅರ್ಧ ವಾದ.

ಜಾಲಹಳ್ಳಿಯಿಂದ ನೋಡಿದರೆ

ಇಷ್ಟೆಲ್ಲ ಪಂಥಗಳು ಒಪ್ಪುವ ಸಹಾಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಸಿಗುತ್ತದೆ. ಪ್ರತಿಭಾ ಕಾರಂತರ ಕಾಮ್ ಡೀಲ್‌ನಂಥ ಎಳೆಯ ಮಕ್ಕಳ ಕಾರ್ಯಕ್ರಮ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದದ್ದೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಕೂಲಿ ಬಿಟ್ಟು, ಬಸ್ಸಿನ ಗದ್ದಲ ತಾಳದ ಮಗುವನ್ನು ಕಟ್ಟಿಕೊಂಡು ರಾಯಚೂರಿಗೆ ವಾರವಾರ ಹೋಗಿಬರುವುದು ಆಗದ ಮಾತು.

ಕಾಗದದ ಮೇಲೆ ಹಕ್ಕುಗಳಿವೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಸೇರಿಸಿತು. 2016ರ ಕಾಯ್ದೆಯ 21 ಬಗೆಗಳಲ್ಲಿ ಅದೂ ಒಂದಾಯಿತು. ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು; ವಿಶಿಷ್ಟ ಗುರುತಿನ ಚೀಟಿಗೆ ಮೊದಲು ಕೇಳಬೇಕಾದದ್ದು ಅವರನ್ನೇ. ಆದರೆ ಮಾತಾಡುವ, ಪ್ರಶ್ನೆ ಕೇಳುವ ಮಗು ಈ ಜಾಲರಿಯಿಂದ ಸುಲಭವಾಗಿ ಜಾರಿಬೀಳುತ್ತದೆ. ‘ಗಂಡುಹುಡುಗ, ತಡವಾಗಿ ಸರಿಹೋಗ್ತಾನ’, ‘ಶಾಣ್ಯಾ ಅದಾನ, ಎಲ್ಲಾ ಬಸ್ಸು ಗೊತ್ತು’ ಎಂದು ಮನೆಯವರೂ ಶಾಲೆಯವರೂ ವರ್ಷಗಳನ್ನು ಕಳೆಯುತ್ತಾರೆ.

ಹಾಗಾದರೆ ಉತ್ತರ ಕೊಡುವವರಿಗೇ ಕಲಿಸಬಹುದೇ? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಗೆ ಹತ್ತಿರದ್ದು. 65 ಮಕ್ಕಳ ಕುಟುಂಬಗಳು ಅದರಲ್ಲಿದ್ದವು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ, ತಾಯಿ ಮಗು ಆಡುವುದರ ವಿಡಿಯೋ ತೆಗೆದು, ಅದನ್ನು ತಾಯಿಯ ಜತೆ ಕೂತು ನೋಡಿ, ಮಗು ಎಲ್ಲಿ ಮಾತಿಗೆ ಎಳೆದಿತ್ತು ಎಂದು ತೋರಿಸುತ್ತಿದ್ದರು. ತಾಯಂದಿರ ಸ್ಪಂದನೆ ಉತ್ತಮವಾಯಿತು, ಮಕ್ಕಳು ತಾವಾಗಿ ಮಾತಿಗೆ ತೊಡಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಗೆಲುವಿರಲಿಲ್ಲ. ಆದರೂ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿರುವ ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಂಡಿಲ್ಲ.

ಮನೆಯ ಭಾಷೆಯ ಬಗ್ಗೆ ಒಂದು ಮಾತು. ಇಲ್ಲಿ ಕನ್ನಡದ ಜತೆ ಲಂಬಾಣಿ, ತೆಲುಗು, ಉರ್ದು ಬೆರೆತ ಮನೆಗಳು ಬಹಳ. ‘ಒಂದೇ ಭಾಷೆ ಆಡಿ, ಇಂಗ್ಲಿಷೇ ಆಡಿ’ ಎಂಬ ಸಲಹೆ ಪೇಟೆಯಿಂದ ಬರುತ್ತದೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಕೆನಡಾದಲ್ಲಿ 2012ರಲ್ಲಿ ನಡೆದ ಅಧ್ಯಯನವೂ ಆಮೇಲಿನವೂ ಹೇಳಿವೆ. ಅಜ್ಜಿಯ ಭಾಷೆ ಕಿತ್ತುಕೊಂಡರೆ ಆ ಮಗುವಿಗೆ ಉತ್ತರ ಕೊಡುವವರೇ ಇಲ್ಲವಾಗುತ್ತಾರೆ. ಇನ್ನು, ಕಾಂಡಕೋಶ ಚುಚ್ಚಿ ಗುಣಪಡಿಸುತ್ತೇವೆ ಎನ್ನುವವರಿಂದ ದೂರವಿರಿ. ಹೊಲ ಮಾರಿ ಕೊಡುವ ದುಡ್ಡಿಗೆ ಅಲ್ಲಿ ಆಧಾರವಿಲ್ಲ. ಇನ್ನೊಂದು ಎಚ್ಚರವೂ ಬೇಕು: ಅಮೆರಿಕದ 2012ರ ಅಧ್ಯಯನವೊಂದರಲ್ಲಿ ನಾಲ್ಕು ವರ್ಷ ದಾಟಿದ ಆಟಿಸಂ ಇರುವ ಮಕ್ಕಳಲ್ಲಿ ಶೇ 49ರಷ್ಟು ಒಮ್ಮೆಯಾದರೂ ಹೇಳದೆ ಮನೆಬಿಟ್ಟು ಹೋಗಲು ಯತ್ನಿಸಿದ್ದರು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ಈ ನೆಲದಲ್ಲಿ ‘ನೀರು ಎಲ್ಲಿಗೆ ಹೋಗ್ತದ?’ ಎಂದು ಮತ್ತೆ ಮತ್ತೆ ಕೇಳುವ ಮಗುವಿಗೆ ಕೈ ಹಿಡಿದು ಕರೆದೊಯ್ದು ತೋರಿಸಬೇಕು, ಈಜು ಕಲಿಸಬೇಕು, ನೆರೆಹೊರೆಗೆ ಹೇಳಿಟ್ಟಿರಬೇಕು.

ಇನ್ನೂ ಇತ್ಯರ್ಥವಾಗದ್ದು

‘ನಾನ್ಯಾಕ ಹಿಂಗ?’ ಎಂದು ಮಗು ಕೇಳಿದಾಗ ಆಟಿಸಂ ಎಂಬ ಹೆಸರು ಹೇಳಬೇಕೇ, ಯಾವ ವಯಸ್ಸಿಗೆ? ಬೇಗ ತಿಳಿದವರು ಮುಂದೆ ಹೆಚ್ಚು ನೆಮ್ಮದಿಯಿಂದಿರುತ್ತಾರೆ ಎಂಬ ಸೂಚನೆ ಪಶ್ಚಿಮದಿಂದ ಬಂದಿದೆ. ಹೆಸರು ಹೊರಬಿದ್ದರೆ ಅಕ್ಕತಂಗಿಯರ ಮದುವೆಗೆ ಅಡ್ಡಿ ಎಂದು ಹೆದರುವ ಊರಿನಲ್ಲಿ ಅದು ಹಾಗೇ ನಿಲ್ಲುತ್ತದೆಯೇ ಎಂದು ಹೇಳಲಾಗದು.

ಹುಡುಗಿಯರು ಎಲ್ಲಿ? ರೋಗನಿರ್ಣಯವಾದವರಲ್ಲಿ ಮೂರು ನಾಲ್ಕು ಹುಡುಗರಿಗೆ ಒಬ್ಬಳು ಹುಡುಗಿ ಎಂಬ ಲೆಕ್ಕ ಸಾಮಾನ್ಯ. ಸುಮ್ಮನಿರುವುದೇ ಗುಣ ಎಂದು ಹೇಳಿಸಿಕೊಂಡ ಹುಡುಗಿ ತನ್ನ ಪ್ರಶ್ನೆಗಳನ್ನು ಒಳಗೇ ನುಂಗಿಕೊಂಡಿರಬಹುದೇ?

ಬಾಯಲ್ಲಿ ಪ್ರಶ್ನೆ ಬಾರದ ಮಕ್ಕಳ ವಿಷಯ ಇನ್ನೂ ಗೋಜಲು. ಮೈಸೂರು, ಬೆಂಗಳೂರಿನಲ್ಲಿ ಬೆಳೆದ ಟೀಟೋ ಮುಖೋಪಾಧ್ಯಾಯ ಮಾತು ಬಾರದಿದ್ದರೂ ಬರೆದದ್ದು 2000ದಲ್ಲಿ ಪುಸ್ತಕವಾಗಿ ಲೋಕವನ್ನು ಬೆರಗುಗೊಳಿಸಿತು. ತಾಯಿ ಸೋಮಾ ರೂಪಿಸಿದ ಕಲಿಕೆಯ ಪದ್ಧತಿ ಬೇರೆ ಮಕ್ಕಳಿಗೂ ಹರಡಿದಾಗ, ಬರುವ ಮಾತು ಮಗುವಿನದೋ ಪಕ್ಕದಲ್ಲಿ ಕೂತವರದೋ ಎಂಬ ಸಂಶಯ ಎದ್ದಿತು. 2018ರಲ್ಲಿ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಅದನ್ನು ಬಳಸಬಾರದೆಂದಿತು. ಮಾತು ಬಾರದ ಮಗುವಿನಲ್ಲಿ ಪ್ರಶ್ನೆಗಳಿಲ್ಲ ಎಂದು ಮಾತ್ರ ಯಾರೂ ತೋರಿಸಿಲ್ಲ.

ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೆ ಭಯ ಇಳಿಯುತ್ತದೆ, ಎಷ್ಟಾದ ಮೇಲೆ ಉತ್ತರವೇ ಭಯವನ್ನು ಸಾಕುತ್ತದೆ ಎಂಬ ಗೆರೆಯನ್ನು ಯಾವ ಪಂಥವೂ ಎಳೆದಿಲ್ಲ. ಮನೆಯಿಂದ ಮನೆಗೆ, ಮಗುವಿನಿಂದ ಮಗುವಿಗೆ ಅದು ಬೇರೆಯಾಗುವಂತೆ ಕಾಣುತ್ತದೆ. ರಾಯಚೂರು ಸೀಮೆಯ ಮಾತಿನಲ್ಲಿ ಈ ಮಕ್ಕಳು ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂದು ಬರೆದಿಡುವ ಕೆಲಸ ಆಗಬೇಕಿದೆ. ಅದಕ್ಕೆ ಮೊದಲ ಸಾಕ್ಷಿಗಳು ಮನೆಯಲ್ಲಿರುವ ಅವ್ವ, ಅಜ್ಜಿಯರೇ. ಅಪ್ಪನ ದಾರಿ ಕಾಯುವ ಆ ಹುಡುಗನ ಅಜ್ಜಿ ಇಲ್ಲವಾದ ಮೇಲೆ, ಆಗ ಮೂವತ್ತು ದಾಟಿರುವ ಅವನ ಪ್ರಶ್ನೆಗೆ ಜಾಲಹಳ್ಳಿಯಲ್ಲಿ ಯಾರು ಉತ್ತರಿಸುತ್ತಾರೆ ಎಂಬುದಕ್ಕೆ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಪಾಲಕರ ನೇಮಕದ ಕಲಮು ಇದೆ, ಮನುಷ್ಯರನ್ನು ಇನ್ನೂ ಹುಡುಕಬೇಕು.